ಶಿಲಾ ಫೇಸೀಸ್ ನಿಯೋಜನೆ

ಶಿಲಾ ಫೇಸೀಸ್ ನಿಯೋಜನೆ ಎಂದರೆ ಸಂಚಯ ದ್ರೋಣಿಯೊಂದರ ಗಣಕ ಮಾದರಿಯನ್ನು ರಚಿಸುವಾಗ ಅದರ ಪ್ರತಿಯೊಂದು ಪದರಕ್ಕೂ ಶಿಲೆಯ ಬಗೆಯನ್ನು ಹಾಗೂ ಅದರ ಭೌತಿಕ ಗುಣಗಳನ್ನು ಗೊತ್ತುಪಡಿಸುವ ಕ್ರಮ. ಲಕ್ಷಾಂತರ ವರ್ಷಗಳ ಕಾಲ ಮರಳು, ಜೇಡಿ, ಸುಣ್ಣ, ಉಪ್ಪು ಮೊದಲಾದವು ಪದರ ಪದರವಾಗಿ ಶೇಖರಗೊಂಡ ತಗ್ಗು ಪ್ರದೇಶವನ್ನು ಸಂಚಯ ದ್ರೋಣಿ ಎನ್ನುತ್ತಾರೆ. ಆ ಪದರಗಳು ಹೂತುಹೋದ ಬಗೆ, ಬಿಸಿಯಾದ ಬಗೆ, ಅವುಗಳಲ್ಲಿ ಪೆಟ್ರೋಲಿಯಂ ಹುಟ್ಟಿ ಹರಿದ ಬಗೆಯನ್ನು ಗಣಿತದ ಮೂಲಕ ಮರುರೂಪಿಸುವ ವಿಧಾನವೇ ದ್ರೋಣಿ ಮಾದರೀಕರಣ. ಪೆಟ್ರೋಮಾಡ್, ಟೆಮಿಸ್‌ಫ್ಲೋ, ಬೇಸಿನ್‌ಮಾಡ್ ಮುಂತಾದ ತಂತ್ರಾಂಶಗಳು ಈ ಕೆಲಸಕ್ಕೆ ಬಳಕೆಯಲ್ಲಿವೆ.

ಪದದ ಹಿನ್ನೆಲೆ

ಫೇಸೀಸ್ ಎಂಬುದು ಮುಖ, ತೋರಿಕೆ ಎಂಬರ್ಥದ ಲ್ಯಾಟಿನ್ ಪದ. ಸ್ವಿಸ್ ಭೂವಿಜ್ಞಾನಿ ಅಮಾಂಜ್ ಗ್ರೆಸ್ಲಿ 1838ರಲ್ಲಿ ಜೂರಾ ಪರ್ವತಗಳ ಶಿಲೆಗಳನ್ನು ವಿವರಿಸುವಾಗ ಇದನ್ನು ಇಂದಿನ ಅರ್ಥದಲ್ಲಿ ಬಳಸಿದನು. ಒಂದೇ ಕಾಲದಲ್ಲಿ ಉಂಟಾದ ಪದರವೂ ಸ್ಥಳದಿಂದ ಸ್ಥಳಕ್ಕೆ ಬೇರೆ ಬೇರೆ ಲಕ್ಷಣಗಳನ್ನು ತೋರುತ್ತದೆ ಎಂಬುದು ಅವನ ಮುಖ್ಯ ಅವಲೋಕನ. ದಡದ ಬಳಿ ಮರಳು ನಿಂತ ಕಾಲದಲ್ಲೇ ಆಳ ಸಮುದ್ರದಲ್ಲಿ ಜೇಡಿ ನಿಲ್ಲಬಹುದು. ಆದ್ದರಿಂದ ಪದರ ಎಂಬುದು ಕಾಲವನ್ನೂ ಫೇಸೀಸ್ ಎಂಬುದು ಶಿಲೆಯ ಸ್ವಭಾವವನ್ನೂ ಸೂಚಿಸುತ್ತದೆ. ಮಾದರೀಕರಣದಲ್ಲಿ ಇವೆರಡನ್ನೂ ಬೇರೆಯಾಗಿಯೇ ನಮೂದಿಸಲಾಗುತ್ತದೆ.

ನಿಯೋಜಿಸುವ ಗುಣಗಳು

ಫೇಸೀಸ್ ಪಟ್ಟಿಯ ಪ್ರತಿಯೊಂದು ನಮೂದಿಗೂ ಹೆಸರು, ಬಣ್ಣ ಮತ್ತು ಶಿಲಾಬಗೆ ಇರುತ್ತವೆ. ಇವುಗಳೊಡನೆ ಸರಂಧ್ರತೆ, ಪಾರಗಮ್ಯತೆ, ಸಾಂದ್ರತೆ, ಉಷ್ಣವಾಹಕತೆ ಮತ್ತು ಉಷ್ಣಧಾರಣ ಸಾಮರ್ಥ್ಯಗಳ ಮೌಲ್ಯಗಳು ಸೇರುತ್ತವೆ. ಪೆಟ್ರೋಲಿಯಂ ವ್ಯವಸ್ಥೆಯಲ್ಲಿ ಆ ಶಿಲೆಯ ಪಾತ್ರವನ್ನೂ ಸೂಚಿಸಬೇಕು: ತೈಲ ಹುಟ್ಟುವ ಮೂಲಶಿಲೆ, ತೈಲ ತುಂಬಿಕೊಳ್ಳುವ ಸಂಗ್ರಾಹಕ ಶಿಲೆ, ಅದು ಮೇಲಕ್ಕೆ ಸೋರದಂತೆ ತಡೆಯುವ ಹೊದಿಕೆ ಶಿಲೆ. ಮೂಲಶಿಲೆಗೆ ಸಾವಯವ ಇಂಗಾಲದ ಪ್ರಮಾಣ, ಹೈಡ್ರೋಜನ್ ಸೂಚ್ಯಂಕ ಮತ್ತು ತೈಲವಾಗಿ ಮಾರ್ಪಡುವ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚುವರಿಯಾಗಿ ಕೊಡಲಾಗುತ್ತದೆ.

ಸಂಕೋಚನ

ಮೇಲಿನ ಪದರಗಳ ಭಾರಕ್ಕೆ ಕೆಳಗಿನ ಶಿಲೆ ಅಡಕಗೊಂಡು ಅದರ ರಂಧ್ರಗಳು ಕಿರಿದಾಗುತ್ತವೆ. ಆಳ ಹೆಚ್ಚಿದಂತೆ ಸರಂಧ್ರತೆಯು ಘಾತೀಯವಾಗಿ ಇಳಿಯುತ್ತದೆಂದು ಆಥಿ 1930ರಲ್ಲಿ ತೋರಿಸಿದನು. ಉತ್ತರ ಸಮುದ್ರದ ಮಧ್ಯಭಾಗಕ್ಕಾಗಿ ಸ್ಕ್ಲೇಟರ್ ಮತ್ತು ಕ್ರಿಸ್ಟಿ 1980ರಲ್ಲಿ ಪ್ರಕಟಿಸಿದ ಮೌಲ್ಯಗಳು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿವೆ. ಅವುಗಳಂತೆ ಮೇಲ್ಮೈಯಲ್ಲಿ ಮತ್ತು ಲೆಕ್ಕದಿಂದ ದೊರೆಯುವಂತೆ 3 ಕಿ.ಮೀ. ಆಳದಲ್ಲಿ ಸರಂಧ್ರತೆ ಹೀಗಿರುತ್ತದೆ:

• ಮರಳುಶಿಲೆ: ಶೇ. 49, ಆಳದಲ್ಲಿ ಸುಮಾರು ಶೇ. 22
• ಜೇಡಿಶಿಲೆ: ಶೇ. 63, ಆಳದಲ್ಲಿ ಸುಮಾರು ಶೇ. 14
• ಚಾಕ್ ಶಿಲೆ: ಶೇ. 70, ಆಳದಲ್ಲಿ ಸುಮಾರು ಶೇ. 8

ತಂತ್ರಾಂಶವು ಇಂದಿನ ದಪ್ಪದಿಂದ ಹಿಂದಕ್ಕೆ ಲೆಕ್ಕ ಹಾಕಿ, ಪದರವು ಮೊದಲು ನಿಂತಾಗ ಎಷ್ಟು ದಪ್ಪವಿತ್ತೆಂದು ಕಂಡುಕೊಳ್ಳುತ್ತದೆ. ಶಿಲಾಬಗೆಯನ್ನು ತಪ್ಪಾಗಿ ಕೊಟ್ಟರೆ ಈ ಮೂಲ ದಪ್ಪವೂ, ಅದನ್ನು ಆಧರಿಸಿದ ಹೂಳುವಿಕೆಯ ಇತಿಹಾಸವೂ ತಪ್ಪಾಗುತ್ತವೆ. ಸವೆದು ಇಂದು ಕಾಣದಂತಾಗಿರುವ ಪದರಕ್ಕೂ ಇದೇ ಕಾರಣದಿಂದ ಫೇಸೀಸ್ ಸೂಚಿಸಬೇಕಾಗುತ್ತದೆ.

ಉಷ್ಣವಾಹಕತೆ

ಉಷ್ಣಪ್ರವಾಹವನ್ನು ಉಷ್ಣವಾಹಕತೆಯಿಂದ ಭಾಗಿಸಿದರೆ ಆಳದೊಡನೆ ತಾಪ ಏರುವ ಪ್ರಮಾಣ ದೊರೆಯುತ್ತದೆ. ಪ್ರತಿ ಚದರ ಮೀಟರಿಗೆ 60 ಮಿಲಿವ್ಯಾಟ್ ಉಷ್ಣಪ್ರವಾಹವಿರುವ ಕಡೆ ಶಿಲೆಯ ವಾಹಕತೆ 3 ಏಕಮಾನವಾದರೆ ಕಿಲೋಮೀಟರಿಗೆ 20 ಡಿಗ್ರಿ ಸೆಲ್ಸಿಯಸ್ ಏರಿಕೆಯಾಗುತ್ತದೆ; ವಾಹಕತೆ 1.5 ಆದರೆ 40 ಡಿಗ್ರಿ. ಅಂಥ ಶಿಲೆ 3 ಕಿ.ಮೀ. ದಪ್ಪವಿದ್ದರೆ ಅದರ ಮೇಲ್ಭಾಗಕ್ಕೂ ತಳಕ್ಕೂ ನಡುವಣ ತಾಪವ್ಯತ್ಯಾಸವು ಮೊದಲನೆಯದರಲ್ಲಿ 60 ಡಿಗ್ರಿ, ಎರಡನೆಯದರಲ್ಲಿ 120 ಡಿಗ್ರಿ. ತೈಲವು ಸಾಮಾನ್ಯವಾಗಿ 60ರಿಂದ 120 ಡಿಗ್ರಿಗಳ ಆಸುಪಾಸಿನಲ್ಲಿ ಹುಟ್ಟುವುದರಿಂದ, ಮೇಲಿರುವ ಶಿಲೆಯ ಬಗೆಯನ್ನು ಅವಲಂಬಿಸಿ ತಳದ ಮೂಲಶಿಲೆ ಇನ್ನೂ ಎಳೆಯದೆಂದೋ ತೈಲವನ್ನು ಈಗಾಗಲೇ ಬಿಟ್ಟುಕೊಟ್ಟಿದೆಯೆಂದೋ ಉತ್ತರ ಬದಲಾಗುತ್ತದೆ. ಬಹುಕೋಟಿ ವೆಚ್ಚದ ಕೊಳವೆಬಾವಿಯನ್ನು ಎಲ್ಲಿ ಕೊರೆಯಬೇಕೆಂಬ ನಿರ್ಧಾರಕ್ಕೆ ಇಂಥ ಉತ್ತರಗಳೇ ಆಧಾರ.

ಕಲ್ಲುಪ್ಪು ಇತರ ಜಲಜಶಿಲೆಗಳಿಗಿಂತ ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಲ್ಲಿದ್ದಲು ಬಹಳ ಕಡಮೆ ಸಾಗಿಸುತ್ತದೆ. ಆದುದರಿಂದ ತೆಳುವಾದ ಕಲ್ಲಿದ್ದಲು ಪದರವನ್ನೂ ಕಡೆಗಣಿಸಲಾಗದು.

ಕ್ರಮ

ಏಕ ಆಯಾಮದ ಮಾದರಿಯು ಒಂದು ಬಾವಿಯನ್ನು ಪ್ರತಿನಿಧಿಸುತ್ತದೆ. ಅಲ್ಲಿ ಪದರಕ್ಕೊಂದು ಫೇಸೀಸ್ ಸಾಕು. ಎರಡು ಆಯಾಮದ ಅಡ್ಡಸೀಳಿನಲ್ಲಿ ಒಂದು ಪದರವನ್ನು ಹಲವು ಖಂಡಗಳಾಗಿ ವಿಭಾಗಿಸಿ ಒಂದೊಂದಕ್ಕೂ ಪ್ರತ್ಯೇಕ ಫೇಸೀಸ್ ಕೊಡಬಹುದು. ಮೂರು ಆಯಾಮದ ಮಾದರಿಯಲ್ಲಿ ಪ್ರತಿ ಪದರಕ್ಕೂ ಒಂದು ಫೇಸೀಸ್ ನಕ್ಷೆ ಇರುತ್ತದೆ. ಬಾವಿಯಿಂದ ದೊರೆತ ಶಿಲಾಚೂರು ಮತ್ತು ತಿರುಳುಮಾದರಿಗಳು, ಗ್ಯಾಮಾ ಕಿರಣದ ದಾಖಲೆ, ಭೂಕಂಪನ ಸಮೀಕ್ಷೆ ಹಾಗೂ ಪ್ರಾಚೀನ ಭೂಗೋಳದ ನಕ್ಷೆಗಳು ಇದಕ್ಕೆ ಆಕರಗಳು.

ನೈಜ ಪದರಗಳು ಬಹುತೇಕ ಮಿಶ್ರವಾಗಿರುತ್ತವೆ. ವಾಹಕತೆ 4 ಇರುವ ಮರಳುಶಿಲೆ ಮತ್ತು 1.5 ಇರುವ ಜೇಡಿಶಿಲೆ ಸಮಪಾಲಿನಲ್ಲಿ ತೆಳುಪಟ್ಟಿಗಳಾಗಿದ್ದರೆ, ಪಟ್ಟಿಗಳ ಉದ್ದಕ್ಕೂ ಸಾಗುವ ಶಾಖಕ್ಕೆ ಸಮಾಂತರ ಸರಾಸರಿ 2.75 ಅನ್ವಯಿಸುತ್ತದೆ, ಅವನ್ನು ಅಡ್ಡಲಾಗಿ ದಾಟುವ ಶಾಖಕ್ಕೆ ಹರಾತ್ಮಕ ಸರಾಸರಿ 2.18. ಎರಡೂ ಬೆರೆತು ಹೋಗಿದ್ದರೆ ಗುಣೋತ್ತರ ಸರಾಸರಿ 2.45 ಅನ್ನು ಬಳಸುವುದು ವಾಡಿಕೆ.

ಉದಾಹರಣೆ: ಉತ್ತರ ಸಮುದ್ರ

ಉತ್ತರ ಸಮುದ್ರದಲ್ಲಿ ಜುರಾಸಿಕ್ ಯುಗದ ಕೊನೆಯ ಭಾಗದ ಕಿಮ್ಮರಿಜ್ ಜೇಡಿ ಮುಖ್ಯ ಮೂಲಶಿಲೆ. ಉತ್ತರ ಭಾಗದಲ್ಲಿ ಮಧ್ಯ ಜುರಾಸಿಕ್ ಕಾಲದ ಬ್ರೆಂಟ್ ಮರಳುಶಿಲೆ ಪ್ರಸಿದ್ಧ ಸಂಗ್ರಾಹಕ. ದಕ್ಷಿಣ ಭಾಗದಲ್ಲಿ ಕಾರ್ಬಾನಿಫೆರಸ್ ಕಲ್ಲಿದ್ದಲಿನಿಂದ ಹುಟ್ಟಿದ ಅನಿಲವು ರೋಟ್‌ಲೀಗೆಂಡ್ ಮರಳುಶಿಲೆಯಲ್ಲಿ ನಿಂತಿದೆ; ಅದರ ಮೇಲಿನ ತ್ಸೆಕ್‌ಸ್ಟೈನ್ ಕಲ್ಲುಪ್ಪು ಹೊದಿಕೆಯಾಗಿದೆ.

ನಾರ್ವೆ ವಲಯದ ಎಕೋಫಿಸ್ಕ್ ಕ್ಷೇತ್ರವು 1969ರಲ್ಲಿ ಪತ್ತೆಯಾಯಿತು. ಅಲ್ಲಿನ ಸಂಗ್ರಾಹಕ ಚಾಕ್ ಶಿಲೆಯು ಸುಮಾರು 3 ಕಿ.ಮೀ. ಆಳದಲ್ಲಿದೆ. ಮೇಲೆ ಹೇಳಿದ ಸೂತ್ರದಂತೆ ಶೇ. 8ರಷ್ಟಿರಬೇಕಾದ ಸರಂಧ್ರತೆ ಅಲ್ಲಿ ಹಲವೆಡೆ ಶೇ. 30ನ್ನೂ ಮೀರಿದೆ. ರಂಧ್ರಗಳಲ್ಲಿನ ದ್ರವದ ಅಧಿಕ ಒತ್ತಡವೂ ಬೇಗನೆ ಬಂದು ಸೇರಿದ ತೈಲವೂ ಇದಕ್ಕೆ ಕಾರಣಗಳೆಂದು ವಿವರಿಸಲಾಗಿದೆ. ತೈಲವನ್ನು ಹೊರತೆಗೆದಂತೆ ಒತ್ತಡವಿಳಿದು ಆ ಮೃದುಶಿಲೆ ಕುಗ್ಗಿತು. ಸಮುದ್ರತಳ ಕುಸಿಯುತ್ತಿರುವುದು 1984ರಲ್ಲಿ ತಿಳಿದುಬಂದು, 1987ರಲ್ಲಿ ಉಕ್ಕಿನ ವೇದಿಕೆಗಳನ್ನು 6 ಮೀಟರಿನಷ್ಟು ಎತ್ತರಿಸಬೇಕಾಯಿತು. ತಂತ್ರಾಂಶದ ಸಿದ್ಧ ಮೌಲ್ಯಗಳನ್ನು ಸ್ಥಳೀಯ ಅಳತೆಗಳೊಡನೆ ಹೋಲಿಸದೆ ಸ್ವೀಕರಿಸಬಾರದೆಂಬುದಕ್ಕೆ ಈ ಕ್ಷೇತ್ರ ನಿದರ್ಶನವಾಗಿದೆ.

ಪರಿಶೀಲನೆ ಮತ್ತು ಮಿತಿಗಳು

ನಿಯೋಜನೆ ಸರಿಯೇ ಎಂಬುದನ್ನು ಬಾವಿಯಲ್ಲಿ ಅಳೆದ ತಾಪ, ಒತ್ತಡ, ಸರಂಧ್ರತೆ ಮತ್ತು ವಿಟ್ರಿನೈಟ್ ಪ್ರತಿಫಲನ ಮೌಲ್ಯಗಳೊಡನೆ ಹೋಲಿಸಿ ತಿಳಿಯಲಾಗುತ್ತದೆ. ಆದರೆ ಇಂದಿನ ತಾಪವೊಂದೇ ಹೊಂದಿಕೆಯಾದರೆ ಸಾಲದು. ಹೆಚ್ಚಿನ ಉಷ್ಣಪ್ರವಾಹ ಮತ್ತು ಹೆಚ್ಚಿನ ವಾಹಕತೆ ಸೇರಿಯೂ ಅದೇ ತಾಪವನ್ನು ಕೊಡಬಲ್ಲವು. ಬಾವಿಗಳಿಂದ ದೂರವಿರುವ ಭಾಗಗಳಲ್ಲಿ ಫೇಸೀಸ್ ನಕ್ಷೆ ಊಹೆಯನ್ನೇ ಅವಲಂಬಿಸುವುದರಿಂದ, ಒಂದಕ್ಕಿಂತ ಹೆಚ್ಚು ಸಾಧ್ಯತೆಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಫಲಿತಾಂಶಗಳನ್ನು ಹೋಲಿಸಲಾಗುತ್ತದೆ.