ಗಂಡನ ಪಾಪರ್ ಚೀಟಿ, ಹೆಂಡತಿಯ ಬಳೆ

ದಿವಾಳಿ ಎದ್ದವನನ್ನು ‘ಪಾಪರ್ ಚೀಟಿ ತೆಗೆದುಕೊಂಡ’ ಎನ್ನುವುದು ನಮ್ಮಲ್ಲಿ ರೂಢಿ. ಚೀಟಿ ಗಂಡನದಾದರೂ ನಿದ್ದೆಗೆಡುವವಳು ಹೆಂಡತಿ. ತವರಿನಿಂದ ತಂದ ಬಳೆ ಉಳಿದೀತೆ? ತನ್ನ ಹೆಸರಿನಲ್ಲಿರುವ ಮನೆಗೂ ಅಮೀನ ಜಪ್ತಿಗೆ ಬಂದಾನೆ?

ಪ್ರಶ್ನೆ ಹಳೆಯದು. ಯಾಜ್ಞವಲ್ಕ್ಯ ಸ್ಮೃತಿ ಇದಕ್ಕೆ ನೇರವಾಗಿಯೇ ಉತ್ತರಿಸಿದೆ. ಅದಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಇದ್ದವನು. ಸ್ಮೃತಿಯ ಪ್ರಕಾರ ಗಂಡನ ಸಾಲ ಹೆಂಡತಿಗೆ ಅಂಟದು. ತಾನೇ ಮಾಡಿದ್ದು, ಗಂಡನೊಡನೆ ಕೂಡಿ ಮಾಡಿದ್ದು, ತೀರಿಸುವೆನೆಂದು ಒಪ್ಪಿಕೊಂಡದ್ದು, ಇಷ್ಟೇ ಅವಳ ಹೊಣೆ. ಹೆಂಡತಿಯ ಸಾಲಕ್ಕೆ ಗಂಡನೂ ಹೊಣೆಯಲ್ಲ, ಕುಟುಂಬಕ್ಕಾಗಿ ಮಾಡಿದ್ದರ ಹೊರತು. ಆದರೆ ಗೋವಳ, ಹೆಂಡ ಮಾರುವವ, ನಟ, ಅಗಸ, ಬೇಡ ಇವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರು ತೀರಿಸಬೇಕು. ಆ ಮನೆಗಳ ಜೀವನ ನಿಂತಿರುವುದೇ ಹೆಂಗಸರ ಮೇಲೆ ಎಂಬುದು ಕಾರಣ. ಸ್ಮೃತಿಕಾರನಿಗೆ ಸಂತೆಬೀದಿಯ ವ್ಯವಹಾರ ಚೆನ್ನಾಗಿಯೇ ಗೊತ್ತಿತ್ತು!

ಒಂದು ಬಿರುಕನ್ನೂ ಅವನು ಉಳಿಸಿದ. ಕ್ಷಾಮ, ಧರ್ಮಕಾರ್ಯ, ರೋಗ, ಸೆರೆ ಇವು ಒದಗಿದಾಗ ಗಂಡ ತೆಗೆದುಕೊಂಡ ಸ್ತ್ರೀಧನವನ್ನು ಮರಳಿ ಕೊಡಬೇಕಾಗಿಲ್ಲ ಎಂದ. ಎಷ್ಟು ಮನೆಗಳ ಒಡವೆ ಈ ಬಿರುಕಿನಲ್ಲಿ ಸೋರಿಹೋಯಿತೋ! ಸ್ತ್ರೀಧನಕ್ಕೆ ಹೆಂಡತಿಯೇ ಪೂರ್ಣ ಒಡತಿ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಸಂಕಟದಲ್ಲಿ ಬಳಸಿಕೊಂಡರೂ ಮರಳಿಸುವ ನೈತಿಕ ಹೊಣೆ ಗಂಡನದೆಂದು 2024ರಲ್ಲಿ ಸೇರಿಸಿತು.

ಈಗಿನ ಕಾನೂನಿಗೆ ಬರೋಣ. 1920ರ ಪ್ರಾಂತೀಯ ದಿವಾಳಿ ಕಾಯಿದೆಯಡಿ ಕೋರ್ಟು ಒಬ್ಬನನ್ನು ದಿವಾಳಿ ಎಂದು ಸಾರಿದರೆ ಅವನ ಆಸ್ತಿ ಕೋರ್ಟಿನ ಇಲ್ಲವೆ ರಿಸೀವರನ ಕೈಸೇರುತ್ತದೆ. ಹೆಂಡತಿಯ ಸ್ವಂತ ಆಸ್ತಿ ಸೇರುವುದಿಲ್ಲ. ಜಂಟಿ ಮನೆಯಾದರೆ ಗಂಡನ ಪಾಲಷ್ಟೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆಗಳನ್ನು ಜಪ್ತಿಯಿಂದ ಬಿಟ್ಟಿದೆ. ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆಗಳನ್ನೂ ಬಿಟ್ಟಿದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯಂತೆ ಹೆಂಡತಿ ಮಕ್ಕಳಿಗೆಂದೇ ಮಾಡಿಸಿದ ಜೀವವಿಮೆಯೂ ಸಾಲಗಾರರ ಕೈಗೆ ಸಿಗದು. 1923ರ ತಿದ್ದುಪಡಿಯಿಂದ ಇದು ಹಿಂದೂಗಳಿಗೂ ಅನ್ವಯಿಸಿತು.

ಹಾಗೆಂದು ಮುಳುಗುವ ಮುನ್ನ ಮನೆಯನ್ನು ಹೆಂಡತಿಯ ಹೆಸರಿಗೆ ಬರೆದುಬಿಡುವ ಜಾಣತನ ನಡೆಯದು. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಕೊಟ್ಟ ಇಂಥ ದಾನಪತ್ರವನ್ನು ಕೋರ್ಟು ರದ್ದುಮಾಡಬಹುದು.

ಹೆಂಡತಿ ನಿಜವಾಗಿ ಸಿಕ್ಕಿಬೀಳುವುದು ಜಾಮೀನಿನಲ್ಲಿ. ಬ್ಯಾಂಕಿನವರು ತೋರಿಸಿದ ಕಡೆಯಲ್ಲೆಲ್ಲ ಓದದೆ ರುಜು ಹಾಕಿದ ಹೆಂಗಸರು ನಮ್ಮ ಸುತ್ತ ಎಷ್ಟಿಲ್ಲ! 1872ರ ಕರಾರು ಕಾಯಿದೆಯಂತೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರಳ ಹೊಣೆ ಸಾಲಗಾರನಷ್ಟೇ. 2016ರ ದಿವಾಳಿ ಸಂಹಿತೆ ಕಂಪನಿ ಸಾಲಗಳ ವೈಯಕ್ತಿಕ ಜಾಮೀನುದಾರರಿಗೆ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ಗಂಡನ ಕಂಪನಿಗೆ ರುಜು ಹಾಕಿದವಳ ಮೇಲೆಯೇ ಬ್ಯಾಂಕು ಅರ್ಜಿ ಹಾಕಬಹುದು. ಇನ್ನು 1920ರ ಕಾಯಿದೆಯಡಿ ಗಂಡನಿಗೆ ಕೋರ್ಟು ಬಿಡುಗಡೆ ಕೊಟ್ಟರೂ ಜೊತೆಗೆ ಸಾಲ ಮಾಡಿದವಳಿಗೆ, ಜಾಮೀನು ನಿಂತವಳಿಗೆ ಆ ಬಿಡುಗಡೆ ದಕ್ಕುವುದಿಲ್ಲ.