ಬಿಚ್ಚಿದ ಪಿಸ್ತೂಲನ್ನು ಕೂಡಿಸುವ ಕಷ್ಟ

ಮನೆಮಂದಿಯೆಲ್ಲ ಕೂತು ಓದುವ ಪತ್ರಿಕೆಯಲ್ಲಿ ಪಿಸ್ತೂಲಿನ ಮಾತೇಕೆ ಎಂದು ಹುಬ್ಬೇರಿಸುವ ಓದುಗರಿದ್ದರೆ ಅವರ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಕಾಲ ಬದಲಾಗಿದೆ. ಹಿಂದೆ ದಿಲ್ಲಿಯ ನಮ್ಮವರ ಮಕ್ಕಳು ಸಂಜೆ ಸಂಗೀತದ ಪಾಠಕ್ಕೋ ಕ್ರಿಕೆಟ್ಟಿಗೋ ಹೋಗುತ್ತಿದ್ದರು. ಈಗ ಗುರಿ ಹೊಡೆಯುವುದನ್ನು ಕಲಿಯಬೇಕೆನ್ನುವವರೂ ಇದ್ದಾರೆ. ಕೊಡಗಿನಿಂದ ಬಂದ ಕುಟುಂಬಗಳಿಗಂತೂ ಕೋವಿ ಹೊಸದಲ್ಲ. ಇನ್ನು ತಾತನ ಕಾಲದ ಪಿಸ್ತೂಲೊಂದು ಊರಿನ ಪೆಟ್ಟಿಗೆಯ ತಳದಲ್ಲಿದೆ, ಅದನ್ನು ಏನು ಮಾಡುವುದು ಎಂದು ಕೇಳುವವರೂ ಇಲ್ಲದಿಲ್ಲ. ಈ ಮೂರು ಬಗೆಯವರಿಗೂ ಬೇಕಾದ ವಿಷಯ ಒಂದುಂಟು: ಪಿಸ್ತೂಲನ್ನು ಶುಚಿ ಮಾಡಲು ಬಿಚ್ಚುವುದು ಮತ್ತು, ಅದಕ್ಕಿಂತ ಹೆಚ್ಚಾಗಿ, ಬಿಚ್ಚಿದ್ದನ್ನು ಮತ್ತೆ ಕೂಡಿಸುವುದು.

ಶುಚಿ ಮಾಡುವುದಾದರೂ ಏಕೆ? ಗುಂಡು ಹಾರಿದಾಗ ಮದ್ದಿನ ಮಸಿ ನಳಿಗೆಯೊಳಗೆ ಕೂರುತ್ತದೆ. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಪೊಟಾಸಿಯಂ ಕ್ಲೋರೈಡ್, ಅಂದರೆ ನಮ್ಮ ಅಡಿಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡದ ಗೃಹಿಣಿಯಿಲ್ಲ. ನಳಿಗೆಯೊಳಗೂ ಅದೇ ಕಥೆ, ಆಮೇಲೆ ತುಕ್ಕು. ಎಣ್ಣೆ ಈ ಉಪ್ಪನ್ನು ಕರಗಿಸದು, ಬಿಸಿನೀರು ಕರಗಿಸುತ್ತದೆ. ಆದ್ದರಿಂದ ಮೊದಲು ಬಿಸಿನೀರು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ ಎಂಬುದು ಹಳೆಯವರ ಕ್ರಮ. ಕೊಡಗಿನಲ್ಲಿ ನಾಟಿ ಮುಗಿದು ಸೆಪ್ಟೆಂಬರಿನಲ್ಲಿ ಕೈಲು ಮುಹೂರ್ತ ಬಂದಾಗ ಕೋವಿ ಕತ್ತಿಗಳನ್ನೆಲ್ಲ ಒರೆಸಿ ತೊಳೆದು, ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಆಮೇಲಿನದು. ಹಬ್ಬದ ನೆಪದಲ್ಲಾದರೂ ವರ್ಷಕ್ಕೊಮ್ಮೆ ಕೋವಿ ಶುಚಿಯಾಗುತ್ತದೆ ಎಂಬುದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಎರಡು ನಳಿಗೆಯ ಕೋವಿಯನ್ನು ಮಡಿಸಿದರೆ ಈ ಕೊನೆಯಿಂದ ಆ ಕೊನೆಗೆ ಬೆಳಕು ಕಾಣುತ್ತದೆ. ಒಳಗೆ ತೋಟಾ ಇದೆಯೇ ಇಲ್ಲವೇ ಎಂಬುದು ಮಗುವಿಗೂ ತಿಳಿಯುತ್ತದೆ. ತಾನಾಗಿ ತೋಟಾ ತುಂಬಿಕೊಳ್ಳುವ ಪಿಸ್ತೂಲು ಹಾಗಲ್ಲ. ಅದರ ಹೊಟ್ಟೆಯೊಳಗೆ ಸ್ಪ್ರಿಂಗುಗಳು, ಸನ್ನೆಗಳು, ಜಾರುವ ತುಂಡುಗಳು ಒಂದರ ಮೇಲೊಂದು ಅಡಕವಾಗಿರುತ್ತವೆ. ಬಿಚ್ಚುವಾಗ ಒಂದು ಸ್ಪ್ರಿಂಗು ಹಾರಿ ಮಂಚದ ಕೆಳಗೆ ಹೋಯಿತೆಂದರೆ ಆ ದಿನದ ಕೆಲಸ ಮುಗಿಯಿತು.

ಈ ಬಗೆಯ ಜಟಿಲತೆಗೆ ಜರ್ಮನಿಯ ಮೌಸರ್ ಸಿ-96 ಪಿಸ್ತೂಲಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 1895ರ ಸುಮಾರಿಗೆ ಓಬರ್ನ್‌ಡಾರ್ಫಿನ ಕಾರ್ಖಾನೆಯಲ್ಲಿ ಫೀಡರ್ಲೆ ಎಂಬ ಸಹೋದರರು ರಚಿಸಿದ ಈ ಯಂತ್ರದಲ್ಲಿ, ಹಿಡಿಯ ಮರದ ಪಟ್ಟಿಗಳಿಗೆ ಹಾಕಿದ ಒಂದು ತಿರುಪನ್ನು ಬಿಟ್ಟರೆ ಬೇರೆ ತಿರುಪೇ ಇಲ್ಲ. ಪ್ರತಿಯೊಂದು ಭಾಗವೂ ಇನ್ನೊಂದರ ಕಚ್ಚಿನಲ್ಲಿ ಕೂತು ಅದನ್ನು ಹಿಡಿದುಕೊಂಡಿರುತ್ತದೆ. ನೋಡಲು ಬಲು ಚೆಂದ. ಬಿಚ್ಚಲು ಮೊದಲು ತೋಟಾಗಳ ಡಬ್ಬಿಯ ತಳದ ತಗಡನ್ನು ತೆಗೆಯಬೇಕು. (ಆ ಡಬ್ಬಿಗೂ ಇಂಗ್ಲಿಷಿನಲ್ಲಿ ಮ್ಯಾಗಜೀನ್ ಎಂದೇ ಹೆಸರು, ಓದುಗರ ಕೈಯಲ್ಲಿರುವ ಮ್ಯಾಗಜೀನಿಗೂ ಅದಕ್ಕೂ ನಂಟಿಲ್ಲ.) ಬಳಿಕ ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಿ, ಒಂದು ಚಿಲಕ ಒತ್ತಿ, ನಳಿಗೆ ಬೀಗಗಳನ್ನೆಲ್ಲ ಒಟ್ಟಾಗಿ ಹಿಂದಕ್ಕೆ ಜಾರಿಸಬೇಕು. ಅಲ್ಲಿಯವರೆಗೆ ಸರಿ. ಕೂಡಿಸುವಾಗ ನಿಜವಾದ ಪರೀಕ್ಷೆ. ಬೀಗದ ತುಂಡು ಕಳಚಿ ಬೀಳದಂತೆ ಎಲ್ಲವನ್ನೂ ತಲೆಕೆಳಗಾಗಿ ಹಿಡಿದು ಮತ್ತೆ ಜಾರಿಸಬೇಕು. ಕ್ರಮ ಒಂದು ತಪ್ಪಿದರೂ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಬೋಲ್ಟನ್ನು ತಡೆಯುವ ಚಿಕ್ಕ ಕೀಲು ಸರಿಯಾಗಿ ಕೂರದಿದ್ದರೆ ಅದು ಹೊಡೆಯುವವನ ಮುಖಕ್ಕೇ ಅಪಾಯ.

ಬಿಡುವಾಗಿ ಮೇಜಿನ ಮುಂದೆ ಕೂರುವ ಸಿರಿವಂತನಿಗೆ ಇದು ಒಗಟು ಬಿಡಿಸಿದಂತೆ ವಿನೋದವಾಗಿದ್ದೀತು. ನಮ್ಮ ದೇಶದಲ್ಲಿ ಅದು ಸೇರಿದ್ದು ಬಿಡುವೇ ಇಲ್ಲದವರ ಕೈಗೆ. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೋಡಾ ಕಂಪನಿಗೆ ಬಂದ ಸರಕಿನಿಂದ 50 ಮೌಸರುಗಳೂ 46,000 ತೋಟಾಗಳೂ ಕ್ರಾಂತಿಕಾರಿಗಳ ಪಾಲಾದವು. ಬಂಗಾಳದ ಆ ಹಸಿ ಹವೆಯಲ್ಲಿ, ಅಡಗುತಾಣದಿಂದ ಅಡಗುತಾಣಕ್ಕೆ ಓಡುತ್ತ, ಎಣ್ಣೆಯ ಕುಡಿಕೆಯೂ ಬಟ್ಟೆಯ ಚೂರೂ ಎಲ್ಲಿಂದ ಬರಬೇಕು? 1925ರ ಆಗಸ್ಟ್ 9ರ ಕಾಕೋರಿ ರೈಲು ಪ್ರಕರಣದಲ್ಲಿಯೂ ಮೌಸರುಗಳೇ ಇದ್ದವು. ಅಲ್ಲಿ ಅಚಾತುರ್ಯದಿಂದ ಹಾರಿದ ಒಂದು ಗುಂಡಿಗೆ ಬಡ ಪ್ರಯಾಣಿಕನೊಬ್ಬ ಬಲಿಯಾದ. ಯಾರನ್ನೂ ಕೊಲ್ಲುವ ಉದ್ದೇಶವಿಲ್ಲದ ಕೃತ್ಯಕ್ಕೆ ಕೊಲೆಯ ಆರೋಪವೂ ಸೇರಿತು. 1927ರ ಡಿಸೆಂಬರಿನಲ್ಲಿ ನಾಲ್ವರು ಗಲ್ಲಿಗೇರಿದರು.

ಇದಕ್ಕೆ ತದ್ವಿರುದ್ಧವಾದ ಪಿಸ್ತೂಲು ನಮ್ಮ ದಿಲ್ಲಿಯ ಚರಿತ್ರೆಯಲ್ಲಿಯೇ ಇದೆ. 1929ರ ಏಪ್ರಿಲ್ 8ರಂದು ಕೇಂದ್ರ ಶಾಸನಸಭೆಯಲ್ಲಿ, ಅಂದರೆ ಇಂದು ಸಂವಿಧಾನ ಸದನವೆನಿಸಿಕೊಂಡ ಆ ದುಂಡು ಕಟ್ಟಡದಲ್ಲಿ, ಭಗತ್ ಸಿಂಗ್ ಬಂಧನಕ್ಕೊಳಗಾದಾಗ ಅವರ ಬಳಿ ಸಿಕ್ಕಿದ್ದು ಅಮೆರಿಕದಲ್ಲಿ ತಯಾರಾದ .32 ಕೋಲ್ಟ್. ಬ್ರೌನಿಂಗ್ ಎಂಬ ಮಹಾಶಿಲ್ಪಿಯ ರಚನೆ ಅದು. ಒಳಗೆ ತೋಟಾ ಇಲ್ಲವೆಂದು ಖಚಿತ ಮಾಡಿಕೊಂಡು, ಮೇಲಿನ ಸ್ಲೈಡನ್ನು ಒಂದು ಗುರುತಿನವರೆಗೆ ಹಿಂದಕ್ಕೆಳೆದು, ನಳಿಗೆಯನ್ನು ಸ್ವಲ್ಪ ತಿರುಗಿಸಿದರೆ ಸ್ಲೈಡು ಮುಂದಕ್ಕೆ ಜಾರಿ ಕೈಗೆ ಬರುತ್ತದೆ. ಒಂದು ಲೋಟ ಕಾಫಿ ಆರುವುದರೊಳಗೆ ಬಿಚ್ಚಿ ಒರೆಸಿ ಕೂಡಿಸಬಹುದು.

ಇಷ್ಟು ಸುಲಭದ ಪಿಸ್ತೂಲಿಗೂ ಆದ ಗತಿ ವಿಚಿತ್ರ. 1960ರ ದಶಕದ ಕೊನೆಗೆ ಅದು ಇಂದೋರಿನಲ್ಲಿರುವ ಗಡಿ ಭದ್ರತಾ ಪಡೆಯ ಶಸ್ತ್ರಶಾಲೆಗೆ ಹೋಯಿತು. ತುಕ್ಕು ಹಿಡಿಯದಿರಲೆಂದು ಅಲ್ಲಿನ ಹಳೆಯ ಆಯುಧಗಳಿಗೆ ಕಪ್ಪು ಬಣ್ಣ ಬಳಿದಿದ್ದರು. ಬಣ್ಣದಡಿಯಲ್ಲಿ ನಂಬರು ಮುಚ್ಚಿಹೋಯಿತು. ನಂಬರು ಹೋದ ಮೇಲೆ ಇದು ಯಾರ ಪಿಸ್ತೂಲೆಂದು ಹೇಳುವವರು ಯಾರು? ಕೊನೆಗೆ ಬಣ್ಣ ಕೆರೆದು ನೋಡಿದಾಗ 168896 ಎಂಬ ಅಂಕಿ ಕಾಣಿಸಿತು. ಹಳೆಯ ದಾಖಲೆಯ ಅಂಕಿಗೂ ಅದಕ್ಕೂ ತಾಳೆಯಾಯಿತು. 2017ರಲ್ಲಿ ಅದನ್ನು ಪಂಜಾಬಿನ ಹುಸೇನಿವಾಲಾದ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಬಿಸಿನೀರು, ಎಣ್ಣೆ ಮಾಡಬೇಕಾದ ಕೆಲಸವನ್ನು ಬಣ್ಣದ ಡಬ್ಬಿಗೆ ವಹಿಸುವುದು ನಮ್ಮ ಹಳೆಯ ಚಾಳಿ. ಕಿಟಕಿಯ ಸರಳಿಗೂ ಹೀಗೆಯೇ ಮಾಡುತ್ತೇವೆ.

ಸುಲಭದ ಮಾರ್ಗ ಕಂಡಮೇಲೆ ಕಷ್ಟದ ಪಿಸ್ತೂಲುಗಳು ನಿಂತುಹೋದವೇ ಎಂದರೆ ಇಲ್ಲ. ಅಮೆರಿಕದ ರೂಗರ್ ಕಂಪನಿ 1949ರಲ್ಲಿ ತಂದ .22 ಪಿಸ್ತೂಲು ಗುರಿಗಾರರಿಗೆ ಅಚ್ಚುಮೆಚ್ಚು, ಆದರೆ ಕೂಡಿಸುವುದರಲ್ಲಿ ಕುಖ್ಯಾತ. ಕುದುರೆಗೆ ತೂಗುಬಿದ್ದ ಒಂದು ಕಡ್ಡಿ ತಕ್ಕ ಕುಳಿಯೊಳಗೇ ಬೀಳಬೇಕು. ಅದಕ್ಕಾಗಿ ಪಿಸ್ತೂಲಿನ ಮೂತಿಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ ಓಲೈಸಬೇಕು. .22 ಗುಂಡಿಗೆ ಮೇಣದಂಥ ಲೇಪವಿರುವುದರಿಂದ ಮಸಿಯೂ ಜಿಡ್ಡೂ ಬೇಗ ಸೇರುತ್ತವೆ. ಆದರೂ ಕೂಡಿಸುವ ಗೋಜಿಗೆ ಹೆದರಿ ಬಿಚ್ಚದೆಯೇ ಇಟ್ಟುಕೊಂಡವರು ಎಷ್ಟೋ ಮಂದಿ. ಗುಂಡಿಯೊಂದನ್ನು ಒತ್ತಿದರೆ ಮೇಲ್ಭಾಗ ತೆರೆದುಕೊಳ್ಳುವ ಮಾದರಿ ಬಂದದ್ದು 2016ರಲ್ಲಿ. ಒಂದು ಗುಂಡಿಗೆ ಅರುವತ್ತೇಳು ವರ್ಷ! ಸರ್ಕಾರಿ ಕಡತಗಳನ್ನು ನಿಧಾನವೆಂದು ಹಳಿಯುವವರು ಇದನ್ನು ಗಮನಿಸಬೇಕು.

ಅತಿ ಸುಲಭದ್ದಕ್ಕೆ ಬೇರೊಂದು ಅಪಾಯವುಂಟು. ಗುರುಗ್ರಾಮದಾಚೆ ಮಾನೇಸರಿನಲ್ಲಿರುವ ರಾಷ್ಟ್ರೀಯ ಭದ್ರತಾ ಪಡೆಯವರು ಬಳಸುವ ಆಸ್ಟ್ರಿಯದ ಗ್ಲಾಕ್ ಪಿಸ್ತೂಲು ಕೆಲವೇ ಕ್ಷಣಗಳಲ್ಲಿ ನಾಲ್ಕು ತುಂಡಾಗುತ್ತದೆ. ಆದರೆ ಬಿಚ್ಚುವ ಮುನ್ನ ಒಮ್ಮೆ ಟ್ರಿಗರನ್ನು ಎಳೆಯಲೇಬೇಕು. ಮ್ಯಾಗಜೀನು ತೆಗೆದೆವು, ಇನ್ನೇನು ಎಂದು ಎಳೆದವನ ನಳಿಗೆಯಲ್ಲಿ ಒಂದು ತೋಟಾ ಉಳಿದಿದ್ದರೆ? ಶುಚಿ ಮಾಡುವಾಗ ಗುಂಡು ಹಾರಿತು ಎಂಬ ಪತ್ರಿಕಾ ವಾರ್ತೆಗಳ ಹಿಂದೆ ಬಹುಮಟ್ಟಿಗೆ ಇರುವುದು ಈ ಒಂದು ಉಳಿದ ತೋಟಾ. ಕ್ರಮ ಇಷ್ಟೇ: ಮೊದಲು ಮ್ಯಾಗಜೀನು ತೆಗೆಯುವುದು, ಆಮೇಲೆ ಸ್ಲೈಡನ್ನು ಎಳೆದು ನಿಲ್ಲಿಸಿ ಕಣ್ಣಿಂದ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡುವುದು. ಈ ಕ್ರಮ ಹಿಂದುಮುಂದಾದರೆ ಸ್ಲೈಡು ಎಳೆದಾಗ ಹೊರಬಿದ್ದ ತೋಟಾದ ಜಾಗಕ್ಕೆ ಮ್ಯಾಗಜೀನಿನಿಂದ ಇನ್ನೊಂದು ಬಂದು ಕೂರುತ್ತದೆ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಮಕ್ಕಳನ್ನು ದೂರ ಕಳಿಸಿಯೇ ಕೆಲಸಕ್ಕೆ ಕೂರಬೇಕು.

ಹಾಗಾದರೆ ಮಕ್ಕಳು ಹೊಡೆಯುವ ಗಾಳಿ ಪಿಸ್ತೂಲಿಗೆ ಈ ತಾಪತ್ರಯವಿಲ್ಲವಲ್ಲ ಎನ್ನಬಹುದು. ಅದಕ್ಕೆ ಮದ್ದಿಲ್ಲ, ಮಸಿಯೂ ಇಲ್ಲ, ನಿಜ. ಆದರೆ ಒಳಗಿನ ಯಂತ್ರ ಸೂಕ್ಷ್ಮ. ನಮ್ಮ ರಾಜಧಾನಿ ವಲಯಕ್ಕೇ ಸೇರಿದ ಝಜ್ಜರ್ ಜಿಲ್ಲೆಯ ಮನು ಭಾಕರ್ 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ಹೊಡೆಯುತ್ತಿದ್ದಾಗ ನಡುವೆಯೇ ಪಿಸ್ತೂಲು ಕೆಟ್ಟಿತು. 60 ಗುಂಡಿಗೆ ಸಿಗುವ ಕಾಲ 75 ನಿಮಿಷ. ಸ್ಥಾನ ಬಿಟ್ಟು ಹೋಗಿ, ಬಿಚ್ಚಿಸಿ, ಸರಿಪಡಿಸಿ, ಕೂಡಿಸಿಕೊಂಡು ಬರುವುದರಲ್ಲಿ ಹತ್ತು ಹದಿನೈದು ನಿಮಿಷಕ್ಕೂ ಮಿಕ್ಕಿ ಕಳೆದುಹೋಯಿತು, ಗಡಿಯಾರ ಕಾಯಲಿಲ್ಲ. ಹತ್ತೊಂಬತ್ತರ ಆ ಹುಡುಗಿ ಉಳಿದ ಗುಂಡುಗಳನ್ನು ಹೊಡೆದು 575 ಅಂಕ ಪಡೆದಳು, ಹನ್ನೆರಡನೆಯ ಸ್ಥಾನ. ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚಿನ ಪದಕ ಗೆದ್ದವಳೂ ಇವಳೇ. 1982ರ ಏಷ್ಯನ್ ಕ್ರೀಡೆಗಳಿಗೆಂದು ಕಟ್ಟಿದ ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ರೇಂಜಿನಲ್ಲಿ ಮುಂದೆ ನಮ್ಮ ಮಕ್ಕಳು ನಿಂತರೆ, ಗುರಿಯ ಜೊತೆಗೆ ಯಂತ್ರದ ಪರಿಚಯವನ್ನೂ ಗುರುಗಳಿಂದ ಕೇಳಿ ಕಲಿಯಲಿ ಎಂಬುದು ನಮ್ಮ ಆಸೆ.

ಇನ್ನು ಉಳಿದದ್ದು ತಾತನ ಪಿಸ್ತೂಲು. ಅದನ್ನು ಬಿಚ್ಚಲು ಹೋಗಬೇಡಿ. ರೈಲಿನಲ್ಲಿ ದಿಲ್ಲಿಗೆ ತರುವ ಯೋಚನೆಯನ್ನಂತೂ ಮಾಡಲೇಬೇಡಿ. ತಾತನ ಲೈಸೆನ್ಸು ತಾತನೊಂದಿಗೇ ಮುಗಿಯಿತು. 1959ರ ಆಯುಧ ಕಾಯಿದೆಯ 21ನೆಯ ಪ್ರಕರಣದಂತೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸು ಇರುವ ವ್ಯಾಪಾರಿಯಲ್ಲೋ ಒಪ್ಪಿಸಿ, ಇಟ್ಟುಕೊಳ್ಳಬೇಕೆಂದಿದ್ದರೆ ವಾರಸುದಾರರಾಗಿ ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ಮೇಲೆ ಸಾಮಾನ್ಯವಾಗಿ ಒಬ್ಬರ ಬಳಿ ಮೂರಲ್ಲ, ಎರಡೇ ಆಯುಧ. ಪಿತ್ರಾರ್ಜಿತವೂ ಆ ಲೆಕ್ಕದೊಳಗೇ ಬರುತ್ತದೆ. ಒಪ್ಪಿಸುವಾಗ ರಸೀದಿ ಕೇಳಿ ಪಡೆಯಿರಿ. ಅದರಲ್ಲಿ ತಯಾರಕರ ಹೆಸರೂ ನಂಬರೂ ಬರೆದಿರಲಿ. ನಂಬರು ತುಕ್ಕಿನಡಿ ಮುಚ್ಚಿದ್ದರೆ ಠಾಣೆಯವರ ಮುಂದೆಯೇ ಒರೆಸಿ ಓದಿಸಿರಿ.