‘0 ಡಿಗ್ರಿ’ ಅಂತ ಬರೆದಿತ್ತು, ಆದರೂ ನಡುಗಿದೆವು

ಐದು ವರ್ಷದಿಂದ ವಿಶಾಖಪಟ್ಟಣದಲ್ಲಿದ್ದೇವೆ. ಇಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ಹಾಕಿಕೊಂಡೇ ಮಲಗುವುದು. ಹಾಗಾಗಿ ಸುಮಾರು ನೂರು ಕಿಲೋಮೀಟರ್ ದೂರದ ಲಂಬಸಿಂಗಿಗೆ ಹೊರಟಾಗ ಚಳಿ ಅಂದರೆ ಹೇಗಿರುತ್ತದೆ ಅನ್ನುವುದೇ ನಮಗೆ ಮರೆತುಹೋಗಿತ್ತು. ಪೂರ್ವ ಘಟ್ಟದಲ್ಲಿ ಸುಮಾರು 1000 ಮೀಟರ್ ಎತ್ತರದಲ್ಲಿರುವ ಈ ಊರನ್ನು ಜನ ‘ಆಂಧ್ರದ ಕಾಶ್ಮೀರ’ ಎನ್ನುತ್ತಾರೆ. ಚಳಿಗಾಲದ ಕೆಲವು ರಾತ್ರಿ ತಾಪಮಾನ ಸೊನ್ನೆಯ ಹತ್ತಿರಕ್ಕೂ ಇಳಿಯುತ್ತದೆ.

ಆನ್‌ಲೈನಿನಲ್ಲಿ ಮೂರು ಸ್ಲೀಪಿಂಗ್ ಬ್ಯಾಗ್ ತರಿಸಿದ್ದೆ. ಮೇಲೆ ದಪ್ಪಕ್ಷರದಲ್ಲಿ ‘0 ಡಿಗ್ರಿ’ ಎಂದಿತ್ತು. ಸಾಕಲ್ಲ ಅಂದುಕೊಂಡೆ. ರಾತ್ರಿ ಒಂದು ಗಂಟೆಗೆ ಹೆಂಡತಿ ಎಬ್ಬಿಸಿದಳು: “ರೀ, ಪಾಪು ನಡುಗ್ತಿದಾಳೆ ನೋಡಿ.” ಎಂಟು ವರ್ಷದ ಮಗಳ ಕೈಕಾಲು ತಣ್ಣಗಾಗಿದ್ದವು. ಕಾರಿನ ಡಿಕ್ಕಿಯಲ್ಲಿ ಹಾವೇರಿಯಿಂದ ಅಮ್ಮ ಕೊಟ್ಟು ಕಳಿಸಿದ್ದ ಕೌದಿ ಇತ್ತು. ಮೊದಲು ಅದನ್ನು ಮೇಲೆ ಹೊದಿಸಿದೆವು, ಅಷ್ಟೇನೂ ಪ್ರಯೋಜನವಾಗಲಿಲ್ಲ. ಮಡಚಿ ಕೆಳಗೆ ಹಾಸಿ, ಅವಳನ್ನು ನಮ್ಮಿಬ್ಬರ ನಡುವೆ ಮಲಗಿಸಿದ ಮೇಲೆ ನಡುಕ ನಿಂತಿತು. ಬೆಳಿಗ್ಗೆ ಕಾರಿನ ಡ್ಯಾಶ್‌ಬೋರ್ಡ್ 6 ಡಿಗ್ರಿ ತೋರಿಸುತ್ತಿತ್ತು.

ಮನೆಗೆ ಬಂದು ಲೇಬಲ್ಲಿನ ಸಣ್ಣಕ್ಷರ ಓದಿದಾಗ ತಪ್ಪು ತಿಳಿಯಿತು. ಐಎಸ್ಒ 23537 ಮಾನದಂಡದ ಪ್ರಕಾರ ಬ್ಯಾಗಿಗೆ ಮುಖ್ಯವಾಗಿ ಮೂರು ಅಂಕಿ ಇರುತ್ತವೆ. ‘ಕಂಫರ್ಟ್’ ಅಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸು ಆರಾಮಾಗಿ ಮಲಗಬಹುದಾದ ತಾಪಮಾನ. ‘ಲಿಮಿಟ್’ ಅಂದರೆ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು. ‘ಎಕ್ಸ್‌ಟ್ರೀಮ್’ ಅಂದರೆ ನಿದ್ದೆಯ ಮಾತೇ ಇಲ್ಲ, ಜೀವ ಉಳಿಸಿಕೊಳ್ಳುವ ಮಟ್ಟ. ನಾನು ನೋಡಿದ ‘0’ ಈ ಮೂರನೆಯದು. ಅಲ್ಲದೆ ಈ ಅಂಕಿಗಳೆಲ್ಲ ದೊಡ್ಡವರಿಗೆ, ಮಕ್ಕಳಿಗಲ್ಲ. ದೊಡ್ಡ ಬ್ಯಾಗಿನೊಳಗೆ ಖಾಲಿ ಜಾಗ ಹೆಚ್ಚು, ಅದನ್ನೆಲ್ಲ ಮಗುವಿನ ಮೈಯೇ ಬೆಚ್ಚಗೆ ಮಾಡಬೇಕು. ಮಗುವಿಗೆ ಚಿಕ್ಕ ಬ್ಯಾಗ್ ಕೊಳ್ಳಿ, ಇಲ್ಲವೇ ಕಾಲಿನ ಕಡೆ ಮಡಚಿ ಅಡಿಗೆ ಸೇರಿಸಿ.

ಕೌದಿ ಕೆಳಗೆ ಹಾಸಿದಾಗ ಯಾಕೆ ಕೆಲಸ ಮಾಡಿತು? ಬ್ಯಾಗು ಬೆಚ್ಚಗಿಡುವುದು ಒಳಗಿನ ಎಳೆಗಳ ನಡುವೆ ನಿಂತ ಗಾಳಿಯಿಂದ. ನಮ್ಮ ಭಾರಕ್ಕೆ ಕೆಳಭಾಗ ಚಪ್ಪಟೆಯಾದರೆ ಆ ಗಾಳಿ ಇರುವುದಿಲ್ಲ, ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ. ಬ್ಯಾಗಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಒಳ್ಳೆಯ ಮ್ಯಾಟ್ ಕೊಳ್ಳಿ.

ಮರುತಿಂಗಳು ಸಂಕ್ರಾಂತಿಗೆ ವಿಜಯವಾಡದಲ್ಲಿರುವ ಬಳ್ಳಾರಿಯ ಗೆಳೆಯನ ಮನೆಗೆ ಹೋದೆವು. ತಾರಸಿಯ ಮೇಲೆ ಮಲಗುವ ಉತ್ಸಾಹದಲ್ಲಿ ಅದೇ ಬ್ಯಾಗ್ ಬಿಡಿಸಿದೆ. “ಏನಪ್ಪಾ, ಹಿಮಾಲಯಕ್ಕೆ ಹೊಂಟೀಯೇನು?” ಎಂದು ನಕ್ಕು ಅವನು ಒಂದು ಹತ್ತಿ ದುಪ್ಪಟಿ ಹೊದ್ದ. ಅರ್ಧರಾತ್ರಿಗೆ ನಾನು ಬೆವೆತು, ಜಿಪ್ ಪೂರ್ತಿ ತೆಗೆದು ಬ್ಯಾಗನ್ನೇ ಹಾಸಿಗೆ ಮಾಡಿಕೊಂಡೆ.

ಈಗ ನನ್ನ ಲೆಕ್ಕ ಇಷ್ಟು. ಕೃಷ್ಣಾ ತೀರಕ್ಕೆ, ವಿಶಾಖದ ಕಡಲಂಚಿಗೆ ಪೂರ್ತಿ ಬಿಚ್ಚಿಕೊಳ್ಳುವ ಚೌಕಾಕಾರದ ತೆಳು ಬ್ಯಾಗ್ ಅಥವಾ ಬರೀ ದುಪ್ಪಟಿ ಸಾಕು. ಚಳಿಗಾಲದ ಅರಕು, ಲಂಬಸಿಂಗಿಗೆ ‘ಕಂಫರ್ಟ್’ 0ರಿಂದ 5 ಡಿಗ್ರಿ ಇರುವ, ತಲೆ ಮುಚ್ಚುವ ಮಮ್ಮಿ ಆಕಾರದ್ದು ಬೇಕು. ತೇವ ಹೆಚ್ಚಿರುವ ಮಲೆನಾಡಿಗೆ ಸಿಂಥೆಟಿಕ್ ಒಳ್ಳೆಯದು. ಹಕ್ಕಿಯ ಮೃದು ಗರಿ ತುಂಬಿದ ಡೌನ್ ಬ್ಯಾಗ್ ಹಗುರ, ಬೆಚ್ಚಗೂ ಇರುತ್ತದೆ, ಆದರೆ ನೆನೆದರೆ ಮುದ್ದೆಯಾಗುತ್ತದೆ. ಕೇದಾರಕಂಠದಂಥ ಹಿಮದ ಚಾರಣಕ್ಕೆ ಮೈನಸ್ 10ರ ಬ್ಯಾಗ್ ಬೇಕು. ಜೀವನಕ್ಕೊಮ್ಮೆ ಹೋಗುವವರು ಬಾಡಿಗೆಗೆ ಪಡೆಯುವುದೇ ಲೇಸು. ಯಾವುದೇ ಇರಲಿ, ಮಲಗುವ ಮುನ್ನ ಬೆವರಿದ ಬಟ್ಟೆ ಬದಲಿಸಿ. ಮನೆಯಲ್ಲಿ ಬಿಗಿಯಾಗಿ ಸುತ್ತಿಡದೆ ಸಡಿಲವಾಗಿ ಇಡಿ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ಕೌದಿ ಭಾರ, ಬ್ಯಾಡ ಅಂತಿದ್ದೆಲ್ಲೋ, ಈಗ ಹೆಂಗ?” ಅಂದಳು. ಈ ಸಲ ಹೊಸ ಬ್ಯಾಗುಗಳ ಜೊತೆ ಅದನ್ನೂ ಡಿಕ್ಕಿಯಲ್ಲಿ ಇಟ್ಟಿದ್ದೇನೆ.